ಒತ್ತಡಕ್ಕೊಳಗಾದ ಬೆಳ್ಳಿಯ ಕಣಗಳು

ಅತ್ಯಧಿಕ ಒತ್ತಡದ ಅಧ್ಯಯನಕ್ಕಾಗಿ ಅಮೆರಿಕದ ಬ್ರಿಜ್‌ಮನ್ನರಿಗೆ 1946ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1950ರ ದಶಕದ ಕೊನೆಗೆ ಎರಡು ವಜ್ರಗಳ ನಡುವೆ ವಸ್ತುವನ್ನು ಅದುಮುವ ಉಪಕರಣವೂ ಸಿದ್ಧವಾಯಿತು. ಆದರೆ ಲೋಹದ ದೊಡ್ಡ ತುಂಡಿನ ನಡತೆಯೇ ಅದರ ನ್ಯಾನೊಕಣಕ್ಕೂ ಉಂಟೇ? ಈ ಪ್ರಶ್ನೆಗೆ 2008ರಲ್ಲಿ ಪ್ರಕಟವಾದ ಕ್ಷ-ಕಿರಣ ಪ್ರಯೋಗವೊಂದನ್ನು ನಾವು ಗಮನಿಸಬಹುದು. 5ರಿಂದ 10 ನ್ಯಾನೊಮೀಟರ್ ಗಾತ್ರದ ಬೆಳ್ಳಿಯ ಕಣಗಳನ್ನು ವಾಯುಮಂಡಲದ ಒತ್ತಡದ ಸುಮಾರು 1,00,000 ಪಟ್ಟಿನವರೆಗೆ ಅದುಮಿದಾಗ, ಘನಾಕಾರದ ಸ್ಫಟಿಕಜಾಲ ಕ್ರಮೇಣ ಓರೆಯಾಯಿತು; ಒತ್ತಡವಿಳಿದಾಗ ಮೊದಲಿನಂತಾಯಿತು. ದೊಡ್ಡ ಬೆಳ್ಳಿಯಲ್ಲಿ ಇದು ಹಿಂದೆ ಕಂಡಿರಲಿಲ್ಲ. ಗಾತ್ರವೊಂದೇ ಇದಕ್ಕೆ ಕಾರಣವೆನ್ನೋಣವೇ? ಏಕಸ್ಫಟಿಕದ ಪ್ಲಾಟಿನಮ್ ನ್ಯಾನೊಕಣಗಳಲ್ಲಿ ಅಂಥ ಓರೆ ತೋರಲಿಲ್ಲ. ಹಲವು ಸ್ಫಟಿಕಗಳು ಅವಳಿಗಳಂತೆ ಕೂಡಿಕೊಂಡಿರುವ ಬೆಳ್ಳಿಕಣದ ಒಳರಚನೆಯೇ ಕಾರಣವಿರಬೇಕೆಂದು ಸಂಶೋಧಕರು ಸೂಚಿಸಿದರು. ಆದುದರಿಂದ ಕಣದ ಅಳತೆಯನ್ನು ಮಾತ್ರ ಹೇಳಿ ವಿವರಣೆಯನ್ನು ಮುಗಿಸುವುದು ಸಲ್ಲದೆಂದು ನಾವು ಭಾವಿಸುತ್ತೇವೆ.