ಉರಿಯೂತ

‘ಉರಿ’ಗೆ ‘ಊತ’ ಸೇರಿ, ನಡುವೆ ಯಕಾರ ಬಂದು ಉರಿಯೂತ. ‘ಊತ’ ಹುಟ್ಟಿದ್ದು ‘ಊದು’ ಧಾತುವಿನಿಂದ. ಕಾಲು ಉಳುಕಿದರೆ ನಾವು ಬಾವು ಬಂತು, ಊದಿಕೊಂಡಿತು ಎನ್ನುತ್ತೇವೆಯೇ ಹೊರತು ಉರಿಯೂತ ಎನ್ನುವುದಿಲ್ಲ. ಅದು ಪತ್ರಿಕೆಗಳ ಆರೋಗ್ಯ ಪುಟದ ಮಾತು. ಒಂದನೇ ಶತಮಾನದ ರೋಮನ್ ಲೇಖಕ ಸೆಲ್ಸಸ್ ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕು ಲಕ್ಷಣ ಹೇಳಿದ್ದ. ಕನ್ನಡ ಎರಡರಲ್ಲೇ ಕೆಲಸ ಮುಗಿಸಿತು.

‘ದೀರ್ಘಕಾಲದ’ ಎಂಬ ವಿಶೇಷಣ ಸೇರಿದಾಗ ಮಾತ್ರ ಪದ ತುಸು ತಡವರಿಸುತ್ತದೆ. ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯನ್ನೇ ನೋಡಿ. ಕರುಳಿಗೆ ಹೋದ ಮೇಲೆ ಚುರುಕಾಗಬೇಕಾದ ಟ್ರಿಪ್ಸಿನ್ ಎಂಬ ಕಿಣ್ವ ಗ್ರಂಥಿಯೊಳಗೇ ಚುರುಕಾದರೆ ಅದನ್ನೇ ಅರಗಿಸತೊಡಗುತ್ತದೆ. ಕುಡಿತ, ಸಿಗರೇಟು, ಕೆಲವು ಮನೆತನಗಳಲ್ಲಿ ವಂಶವಾಹಿಯ ದೋಷ ಇದಕ್ಕೆ ದಾರಿ. ವರ್ಷಗಟ್ಟಲೆ ಹೀಗಾದರೆ ಗ್ರಂಥಿ ನಾರುಗಟ್ಟಿ, ಒಳಗೆ ಕಲ್ಲು ಕಟ್ಟಿ, ಎಷ್ಟೋ ಸಲ ಊದುವ ಬದಲು ಕುಗ್ಗುತ್ತದೆ! ಕಿಣ್ವ ತಯಾರಿಸುವ ಜೀವಕೋಶಗಳು ನಾಳದ ಕೋಶಗಳ ರೂಪ ತಾಳುತ್ತವೆ. ಪೆಟ್ಟು ನಿಂತರೆ ಅವು ಹಳೆಯ ರೂಪಕ್ಕೆ ಮರಳಬಲ್ಲವು. ಅಷ್ಟರಲ್ಲಿ ಕೆ-ರಾಸ್ ಎಂಬ ವಂಶವಾಹಿ ಕೆಟ್ಟಿದ್ದರೆ ಆ ದಾರಿ ಮುಚ್ಚಿ, ಕ್ಯಾನ್ಸರಿನತ್ತ ಹೊರಳುತ್ತವೆ. ಈ ಉರಿಯೂತವಿರುವ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ. ವಂಶಪಾರಂಪರ್ಯವಾಗಿ ಬಂದವರಲ್ಲಿ ಅಪಾಯ ಬಹಳ ಹೆಚ್ಚು, ಸಿಗರೇಟು ಸೇದಿದರೆ ಇನ್ನೂ ಹೆಚ್ಚು.