ಬವೇರಿಯಾದ ವೇಷ ತೊಟ್ಟ ಮರದ ಊರು

ಅಕ್ಟೋಬರ್ ತಿಂಗಳ ವಾರಾಂತ್ಯ ಬಂತೆಂದರೆ ಅಮೆರಿಕದ ಸಿಯಾಟಲ್ ನಗರದಿಂದ ಪೂರ್ವದ ಕ್ಯಾಸ್ಕೇಡ್ ಪರ್ವತಗಳತ್ತ ಕಾರುಗಳ ಸಾಲು ಹೊರಡುತ್ತದೆ. ಹಗಲು ಬೆಟ್ಟ ಹತ್ತುವುದು, ಸಂಜೆ ಸುಮಾರು 190 ಕಿಲೋಮೀಟರ್ ದೂರದ ಲೆವೆನ್‌ವರ್ತ್ ಎಂಬ ಪುಟ್ಟ ಊರಿಗೆ ಇಳಿದು ಜರ್ಮನ್ ಮಾದರಿಯ ಅಕ್ಟೋಬರ್‌ಫೆಸ್ಟ್ ಸಂಭ್ರಮ ನೋಡುವುದು ಅಲ್ಲಿ ಅನೇಕರ ಎರಡು ದಿನದ ರಜೆಯ ರೂಢಿ. ಇಳಿಜಾರು ಮಾಡು, ಕೆತ್ತನೆಯ ಮರದ ಬಾಲ್ಕನಿ, ಗೋಡೆಯ ಮೇಲೆ ಚಿತ್ತಾರ, ಹಿತ್ತಾಳೆ ವಾದ್ಯ, ಬಿಯರು. ಹಿಂದೆಂದೋ ವಲಸೆ ಬಂದ ಜರ್ಮನರು ಕಟ್ಟಿದ ಊರಿರಬೇಕು ಎಂದು ಯಾರಿಗಾದರೂ ಅನಿಸೀತು. ಸಂಗತಿ ಹಾಗಿಲ್ಲ.

ಈ ಊರನ್ನು ಬೆಳೆಸಿದ್ದು ರೈಲು ಮತ್ತು ಮರ. 1893ರಲ್ಲಿ ಗ್ರೇಟ್ ನಾರ್ದರ್ನ್ ಕಂಪೆನಿಯ ರೈಲುಮಾರ್ಗ ಈ ಪರ್ವತ ದಾಟಿತು. ಅದರ ಹಿಂದೆಯೇ ದೊಡ್ಡ ಮರಕೊಯ್ಯುವ ಕಾರ್ಖಾನೆ ಬಂತು. ಆದರೆ ಪರ್ವತ ಸುಮ್ಮನಿರಲಿಲ್ಲ. 1910ರ ಮಾರ್ಚ್ 1ರ ನಸುಕಿನಲ್ಲಿ ವೆಲ್ಲಿಂಗ್ಟನ್ ಎಂಬಲ್ಲಿ ಹಿಮಪಾತ ಎರಡು ರೈಲುಗಳನ್ನು ಕಣಿವೆಗೆ ತಳ್ಳಿತು. ಸತ್ತವರು 96 ಮಂದಿ. ಕಂಪೆನಿ ಕೊನೆಗೆ 12 ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದು 1929ರಲ್ಲಿ ಹಳೆಯ ಮಾರ್ಗವನ್ನೇ ಕೈಬಿಟ್ಟಿತು. ಇಂದು ಚಾರಣಿಗರು ‘ಐರನ್ ಗೋಟ್’ ಎಂಬ ಹೆಸರಿನಲ್ಲಿ ನಡೆಯುವ ದಾರಿ ಆ ಹಳಿ ಕಿತ್ತ ಜಾಗವೇ.

ಲೆವೆನ್‌ವರ್ತ್‌ಗೂ ಪೆಟ್ಟು ಬಿದ್ದದ್ದು ಅದೇ ದಶಕದಲ್ಲಿ. ರೈಲ್ವೆ ಕಚೇರಿ ವೆನಾಚಿ ಪಟ್ಟಣಕ್ಕೆ ಹೋಯಿತು, ಕಾರ್ಖಾನೆ ಮುಚ್ಚಿತು, ಹಳಿಯೂ ಊರ ನಡುವಿನಿಂದ ದೂರ ಸರಿಯಿತು. ಮುಂದಿನ ಮೂರು ದಶಕ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು.

1962ರಲ್ಲಿ ಊರವರು ವಾಷಿಂಗ್ಟನ್ ವಿಶ್ವವಿದ್ಯಾಲಯದ ನೆರವಿನಿಂದ ‘ಪ್ರಾಜೆಕ್ಟ್ ಲೈಫ್’ ಎಂಬ ಯೋಜನೆ ಆರಂಭಿಸಿದರು. ಹೆದ್ದಾರಿಯಲ್ಲಿ ಉಪಾಹಾರ ಗೃಹ ನಡೆಸುತ್ತಿದ್ದ ಟೆಡ್ ಪ್ರೈಸ್ ಮತ್ತು ಬಾಬ್ ರಾಜರ್ಸ್ ಕ್ಯಾಲಿಫೋರ್ನಿಯಾದ ಸಾಲ್ವಾಂಗ್ ಎಂಬ ಡೇನಿಷ್ ಶೈಲಿಯ ಊರನ್ನು ನೋಡಿ ಬಂದಿದ್ದರು. ಸಾಲ್ವಾಂಗನ್ನು ಕಟ್ಟಿದವರು ಡೆನ್ಮಾರ್ಕಿನವರೇ. ಇಲ್ಲಿ ಅಂಥ ನೆಂಟಸ್ತಿಕೆ ಏನೂ ಇರಲಿಲ್ಲ. ಸುತ್ತಲಿನ ಶಿಖರಗಳು ಆಲ್ಪ್ಸ್ ಪರ್ವತದಂತೆ ಕಾಣುತ್ತವೆ ಎಂಬುದಷ್ಟೇ ಆಧಾರ! 1965ರ ಹೊತ್ತಿಗೆ ‘ಚಿಕಮಿನ್’ ಹೋಟೆಲು ‘ಎಡೆಲ್‌ವೈಸ್’ ಆಯಿತು. ಉಳಿದ ಅಂಗಡಿಕಾರರೂ ಕಟ್ಟಡಗಳ ಮುಖ ಬದಲಿಸತೊಡಗಿದರು. ಮುಂದೆ ಇದು ನಿಯಮವೇ ಆಗಿ, ಬರ್ಗರ್ ಅಂಗಡಿಯ ಫಲಕವೂ ಬವೇರಿಯಾದ ಅಕ್ಷರ ತೊಡಬೇಕಾಯಿತು. ಮ್ಯೂನಿಕ್‌ನಲ್ಲಿ 1810ರ ಅರಸುಮನೆಯ ಮದುವೆಯೊಂದಿಗೆ ಹುಟ್ಟಿದ ಅಕ್ಟೋಬರ್‌ಫೆಸ್ಟ್ ಇಲ್ಲಿಗೆ ಬಂದದ್ದಂತೂ 1998ರಲ್ಲಿ.

ಇದನ್ನು ಬರೀ ಸೋಗು ಎಂದು ನಗುವುದು ಸುಲಭ. ಆದರೆ ಹೊಟ್ಟೆಪಾಡಿಗೆ ಹಾಕಿದ ಬಣ್ಣ ಊರನ್ನು ಉಳಿಸಿತೆಂಬುದೂ ನಿಜ. ಮರೆತುಹೋದದ್ದು ಇನ್ನೊಂದಿದೆ. ಈ ನೆಲ ವೆನಾಚಿ ಜನರದು. ಐಸಿಕಲ್ ತೊರೆ ನದಿಗೆ ಸೇರುವಲ್ಲಿನ ಸಾಲ್ಮನ್ ಮೀನುಗಾರಿಕೆಯೇ ಅವರ ಬದುಕಾಗಿತ್ತು. 1855ರ ಒಪ್ಪಂದದ ಹತ್ತನೆಯ ವಿಧಿ, ಆ ಮೀನುಗಾರಿಕೆಯ ಸುತ್ತ ಆರು ಮೈಲಿ ಚೌಕದ ಭೂಮಿಯನ್ನು ಕಾದಿರಿಸುವುದಾಗಿ ಮಾತು ಕೊಟ್ಟಿತ್ತು. ಭೂಮಿ ಅವರ ಕೈಸೇರಲಿಲ್ಲ. 1894ರಲ್ಲಿ ಸರ್ಕಾರ ಆ ಹಕ್ಕನ್ನು 20,000 ಡಾಲರಿಗೆ ಯಾಕಮಾ ಬುಡಕಟ್ಟಿನಿಂದ ಕೊಂಡಿತು. ವೆನಾಚಿಗಳಲ್ಲಿ ಹಲವರು ಉತ್ತರದ ಕಾಲ್ವಿಲ್ ಮೀಸಲು ಪ್ರದೇಶಕ್ಕೆ ಹೋದರು.

ಅವರ ವ್ಯಾಜ್ಯ ಶತಮಾನ ದಾಟಿತು. 2008ರಲ್ಲಿ ಫೆಡರಲ್ ನ್ಯಾಯಾಲಯ, 2010ರಲ್ಲಿ ಮೇಲ್ಮನವಿ ನ್ಯಾಯಾಲಯ, ಐಸಿಕಲ್ ತೊರೆಯಲ್ಲಿ ವೆನಾಚಿಗಳಿಗೂ ಯಾಕಮಾಗಳೊಂದಿಗೆ ಮೀನು ಹಿಡಿಯುವ ಹಕ್ಕಿದೆ ಎಂದವು. ತೀರ್ಪು ಮೀನಿಗಷ್ಟೇ ಸೀಮಿತ; 36 ಚದರ ಮೈಲಿ ಭೂಮಿಯನ್ನು ಅದು ಮರಳಿಸಲಿಲ್ಲ.