ಎಷ್ಟು ಗೋಲಿನಿಂದ ಸೋಲಬಹುದು? ಯುರೋಪಿನ ಹ್ಯಾಂಡ್‌ಬಾಲ್ ಚಾಂಪಿಯನ್ಸ್ ಲೀಗ್‌ನ ನಾಕೌಟ್ ಸುತ್ತುಗಳು

2000ದಿಂದ 2009ರವರೆಗೆ ಯುರೋಪಿನ ಪುರುಷರ ಹ್ಯಾಂಡ್‌ಬಾಲ್ ಚಾಂಪಿಯನ್ಸ್ ಲೀಗ್ ಹತ್ತು ಫೈನಲ್‌ಗಳನ್ನು ಕಂಡಿತು. ಒಂದೊಂದು ಫೈನಲ್ಲಿಗೂ ಎರಡೆರಡು ಪಂದ್ಯ. ಒಂದು ಈ ತಂಡದ ಊರಿನಲ್ಲಿ, ಇನ್ನೊಂದು ಆ ತಂಡದ ಊರಿನಲ್ಲಿ. ಎರಡರ ಗೋಲುಗಳನ್ನೂ ಕೂಡಿಸಿ ಯಾರದು ಹೆಚ್ಚೋ ಅವರಿಗೆ ಕಪ್. ಈ ಹತ್ತು ಫೈನಲ್‌ಗಳ ಪೈಕಿ ಆರರಲ್ಲಿ ಚಾಂಪಿಯನ್ ಆದದ್ದು ಮೊದಲ ಪಂದ್ಯ ಸೋತ ತಂಡ: 2000 ಮತ್ತು 2005ರಲ್ಲಿ ಬಾರ್ಸಿಲೋನಾ, 2002ರಲ್ಲಿ ಮ್ಯಾಗ್ಡೆಬರ್ಗ್, 2003ರಲ್ಲಿ ಮಾಂಪೆಲಿಯೆ, 2008 ಮತ್ತು 2009ರಲ್ಲಿ ಸಿಯುದಾದ್ ರಿಯಲ್. ಎರಡೂ ಪಂದ್ಯಗಳನ್ನು ಗೆದ್ದು ಕಪ್ ಪಡೆದ ಉದಾಹರಣೆ ಒಂದೇ ಒಂದು, 2006ರ ಸಿಯುದಾದ್ ರಿಯಲ್.

ನಾಕೌಟ್ ಎಂದಾಕ್ಷಣ ಸೋತವರು ಗಂಟುಮೂಟೆ ಕಟ್ಟುವ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಈ ಸ್ಪರ್ಧೆಯ ನಾಕೌಟ್ ಬಹುಕಾಲ ಹಾಗಿರಲಿಲ್ಲ. ಇಲ್ಲಿ ಸೋಲಿಗೆ ಒಂದು ಅಳತೆಯಿತ್ತು, ಆ ಅಳತೆಯೊಳಗೆ ಸೋಲುವುದು ಆಟದ ಕೌಶಲದ ಭಾಗವಾಗಿತ್ತು. 2010ರಲ್ಲಿ ಕೊನೆಯ ನಾಲ್ಕು ತಂಡಗಳನ್ನು ಕಲೋನ್ ನಗರಕ್ಕೆ ಕರೆಸಿ ಒಂದೇ ವಾರಾಂತ್ಯದಲ್ಲಿ ಸೆಮಿಫೈನಲ್, ಫೈನಲ್ ಆಡಿಸುವ ಪದ್ಧತಿ ಬಂದ ಮೇಲೆ ಆ ಕೌಶಲ ಕ್ವಾರ್ಟರ್‌ಫೈನಲ್‌ಗೆ ಬಂದು ನಿಂತಿದೆ. ಅಲ್ಲಿಂದ ಮುಂದೆ ನಡೆಯುವುದು ಬೇರೆಯದೇ ಪರೀಕ್ಷೆ ಎಂಬುದು ಈ ಲೇಖನದ ವಾದ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬಹುದು. ಯುರೋಪಿಯನ್ ಕಪ್ ಎಂಬ ಹೆಸರಿನಲ್ಲಿ ಸ್ಪರ್ಧೆ ಶುರುವಾದದ್ದು 1956–57ರಲ್ಲಿ, ಮೊದಲ ಕಪ್ ಗೆದ್ದದ್ದು ಪ್ರಾಗ್. 1991ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪನೆಯಾದ ಯುರೋಪಿಯನ್ ಹ್ಯಾಂಡ್‌ಬಾಲ್ ಫೆಡರೇಷನ್ ವಿಯೆನ್ನಾದಲ್ಲಿ ನೆಲೆಯೂರಿ ಸ್ಪರ್ಧೆಯ ಹೊಣೆ ವಹಿಸಿಕೊಂಡಿತು. 1993–94ರಿಂದ ಚಾಂಪಿಯನ್ಸ್ ಲೀಗ್ ಎಂಬ ಹೆಸರು ಬಂತು. ಆ ವರ್ಷ ಪೋರ್ಚುಗಲ್‌ನ ಬ್ರಾಗಾ ತಂಡವನ್ನು ಸೋಲಿಸಿ ಕಪ್ ಗೆದ್ದ ಸ್ಪೇನಿನ ಸಾಂತಾಂದೆರ್ ತಂಡದಲ್ಲಿ ಕಿರ್ಗಿಸ್ತಾನದಲ್ಲಿ ಹುಟ್ಟಿದ ಟಲಾಂಟ್ ದುಯ್ಶೆಬಾಯೆವ್ ಎಂಬ ಆಟಗಾರನಿದ್ದ. ಮುಂದೆ ಕೋಚ್ ಆಗಿ ಈ ನಾಕೌಟ್‌ಗಳ ಎರಡೂ ಯುಗಗಳನ್ನು ಒಳಗಿನಿಂದ ಕಂಡವರು ಅವರು. ಹೀಗಾಗಿ ಈ ಲೇಖನದಲ್ಲಿ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ.

ಮೇಲೆ ಹೇಳಿದ ಹತ್ತು ಫೈನಲ್‌ಗಳ ಇಪ್ಪತ್ತು ಪಂದ್ಯಗಳನ್ನು ಬಿಡಿಬಿಡಿಯಾಗಿ ನೋಡೋಣ. ಹದಿನಾರನ್ನು ತವರಿನ ತಂಡ ಗೆದ್ದಿದೆ, ಒಂದು ಸಮವಾಗಿದೆ, ಹೊರಗಿನಿಂದ ಬಂದವರು ಗೆದ್ದದ್ದು ಮೂರೇ. 2000ದಿಂದ 2005ರವರೆಗಿನ ಹನ್ನೆರಡು ಪಂದ್ಯಗಳಲ್ಲಿ ಒಂದನ್ನೂ ಅತಿಥಿ ತಂಡ ಗೆಲ್ಲಲಿಲ್ಲ. ತವರು ಅಂಗಣದ ಬಲ ಇಷ್ಟು ದೊಡ್ಡದಿರುವಾಗ ಹೊರಗಿನ ಪಂದ್ಯಕ್ಕೆ ಹೋಗುವ ಕೋಚ್‌ಗೆ ಗೆಲುವಿಗಿಂತ ಹತ್ತಿರದ ಪ್ರಶ್ನೆ ಒಂದಿರುತ್ತದೆ: ಎಷ್ಟು ಗೋಲಿನ ಅಂತರದಲ್ಲಿ ಸೋತರೆ ಮುಂದಿನ ವಾರ ನಮ್ಮೂರಿನಲ್ಲಿ ಸರಿದೂಗಿಸಬಹುದು? 2008 ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಅಪವಾದ. ಕೀಲ್ ತಂಡ ಸಿಯುದಾದ್ ರಿಯಲ್‌ಗೆ ಹೋಗಿ 29–27ರಿಂದ ಗೆದ್ದು ಬಂತು, ಮರುವಾರ ತನ್ನೂರಿನಲ್ಲೇ 25–31ರಿಂದ ಸೋತು ಕಪ್ ಕಳೆದುಕೊಂಡಿತು.

ಇವೇ ಎರಡು ತಂಡಗಳ 2009ರ ಫೈನಲ್ಲನ್ನು ಹತ್ತಿರದಿಂದ ನೋಡಿದರೆ ಸೋಲಿನ ಅಳತೆ ಎಂದರೇನೆಂದು ತಿಳಿಯುತ್ತದೆ. ಉತ್ತರ ಜರ್ಮನಿಯ ಕೀಲ್‌ನಲ್ಲಿ, ಹತ್ತು ಸಾವಿರ ಜನ ಕೂರುವ ಅಂಗಣದಲ್ಲಿ, ದುಯ್ಶೆಬಾಯೆವ್ ತರಬೇತಿಯ ಸಿಯುದಾದ್ ರಿಯಲ್ 34–39ರಿಂದ ಸೋತಿತು. ಐದು ಗೋಲಿನ ಹಿನ್ನಡೆ ಸಣ್ಣದಲ್ಲ. ಆದರೆ ಹೊರಗೆ ಹೊಡೆದ ಆ 34 ಗೋಲುಗಳು ಕೈಯಲ್ಲಿದ್ದವು. ಒಟ್ಟು ಗೋಲುಗಳು ಸಮವಾದರೆ ಎದುರಾಳಿಯ ಅಂಗಣದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದೆ ಎಂಬ ನಿಯಮ ಆಗ ಇತ್ತು. ಹಾಗಾಗಿ ಮರುಪಂದ್ಯದಲ್ಲಿ ಐದು ಗೋಲಿನ ಗೆಲುವೇ ಸಾಕಿತ್ತು, ಕೀಲ್ 34 ಗೋಲು ಹೊಡೆಯದಂತೆ ತಡೆದರಾಯಿತು. ಅವರು ಆರು ಗೋಲಿನಿಂದ ಗೆದ್ದರು, 33–27. ಒಟ್ಟು 67–66. ಸೋಲುವ ಪಂದ್ಯದ ಕೊನೆಯ ನಿಮಿಷಗಳಲ್ಲೂ ಎಸೆತ ಬಿಡದೆ ಹೊಡೆದ ಒಂದೊಂದು ಗೋಲೂ ಒಂದು ವಾರದ ನಂತರ ಫಲ ಕೊಟ್ಟಿತು. ಟಿವಿಯಲ್ಲಿ ಮೊದಲ ಪಂದ್ಯ ನೋಡಿದವರಿಗೆ ಅವು ಸೋತವರ ಸಮಾಧಾನದ ಗೋಲುಗಳಾಗಿ ಕಂಡಿರಬಹುದು. ಈ ಬಗೆಯ ನಾಕೌಟ್‌ನಲ್ಲಿ ಸಮಾಧಾನದ ಗೋಲು ಎಂಬುದೇ ಇಲ್ಲ.

ಇಂಥ ಏರಿಳಿತಕ್ಕೆ ಕಾರಣ ಆಟದ ರಚನೆಯಲ್ಲೇ ಇದೆ. ಅಂಗಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಗೋಲಿನ ಮುಂದಿನ ಆರು ಮೀಟರ್ ಗೆರೆಯೊಳಗೆ ಗೋಲ್‌ಕೀಪರ್‌ಗಷ್ಟೇ ಕಾಲಿಡುವ ಹಕ್ಕು. ಅರುವತ್ತು ನಿಮಿಷದಲ್ಲಿ ಒಂದೊಂದು ತಂಡವೂ ಮೂವತ್ತರ ಆಸುಪಾಸು ಗೋಲು ಹೊಡೆಯುತ್ತದೆ. ಗೋಲು ಬಿಟ್ಟುಕೊಟ್ಟ ತಂಡ ಕೂಡಲೇ ಮಧ್ಯಗೆರೆಯಿಂದ ಚೆಂಡು ಹೊರಡಿಸಬಹುದು, ಎದುರಾಳಿ ಇನ್ನೂ ರಕ್ಷಣೆಗೆ ಮರಳುತ್ತಿರುವಾಗಲೇ ತಿರುಗೇಟು ಕೊಡಬಹುದು. ತಪ್ಪು ಮಾಡಿದ ಆಟಗಾರ ಎರಡು ನಿಮಿಷ ಹೊರಗೆ ಕೂರಬೇಕು, ಆ ಎರಡು ನಿಮಿಷದಲ್ಲಿ ಮೂರು ಗೋಲು ಆಚೀಚೆಯಾಗುವುದು ಅಪರೂಪವಲ್ಲ. ಇದಕ್ಕೆಲ್ಲ ಮೇಲೆ ಗೋಲ್‌ಕೀಪರ್. ಮೊದಲ ವಾರ ಕೈಗೆ ಚೆಂಡೇ ಸಿಗದ ಗೋಲ್‌ಕೀಪರ್ ಎರಡನೇ ವಾರ ಎದುರಾಳಿಗಳ ಎಸೆತಗಳನ್ನು ಓದಿಕೊಂಡು ಬಂದಿರುತ್ತಾನೆ. ಫುಟ್‌ಬಾಲ್‌ನಲ್ಲಿ ಮೂರು ಗೋಲಿನ ಹಿನ್ನಡೆ ಬಹುತೇಕ ಮುಗಿದ ಕಥೆ, ಹ್ಯಾಂಡ್‌ಬಾಲ್‌ನಲ್ಲಿ ಎಂಟು ಗೋಲಿನ ಹಿನ್ನಡೆಯೂ ತೆರೆದ ಲೆಕ್ಕ.

ಎಂಟು ಎಂಬ ಅಂಕಿ ಸುಮ್ಮನೆ ಹೇಳಿದ್ದಲ್ಲ. 2003ರಲ್ಲಿ ಮಾಂಪೆಲಿಯೆ ತಂಡ ಪಾಂಪ್ಲೋನಾದಲ್ಲಿ ಸಾನ್ ಆಂತೋನಿಯೊ ಎದುರು 19–27ರಿಂದ ಸೋತಿತ್ತು. ಫ್ರಾನ್ಸಿಗೆ ಮರಳಿ 31–19ರಿಂದ ಗೆದ್ದಿತು. ಗೋಲಿನಲ್ಲಿ ತಿಯೆರಿ ಒಮೆಯೆ, ತಂಡದಲ್ಲಿ ಇನ್ನೂ ಇಪ್ಪತ್ತು ತುಂಬದ ನಿಕೊಲಾ ಕರಬಾತಿಚ್, ಕೋಚ್ ಪತ್ರೀಸ್ ಕನಾಯೆ. ಫ್ರಾನ್ಸಿನ ಯಾವ ಪುರುಷರ ಕ್ಲಬ್ಬೂ ಅದಕ್ಕೆ ಮೊದಲು ಈ ಕಪ್ ಗೆದ್ದಿರಲಿಲ್ಲ. ಮೊದಲ ಪಂದ್ಯದಲ್ಲಿ 27 ಗೋಲು ಹೊಡೆದಿದ್ದ ತಂಡವನ್ನು 19ಕ್ಕೆ ಕಟ್ಟಿಹಾಕಿದ್ದು ರಕ್ಷಣೆಯ ಸಾಧನೆ ಎಂದೇ ನಾನು ಓದುತ್ತೇನೆ. ದೊಡ್ಡ ಹಿನ್ನಡೆ ತೀರಿಸಿದ ಪಂದ್ಯಗಳ ಅಂಕಿಗಳನ್ನು ನೋಡುವಾಗ ಗೆದ್ದವರ ಗೋಲಿನಷ್ಟೇ ಸೋತವರ ಗೋಲನ್ನೂ ನೋಡಬೇಕು.

2010ರಲ್ಲಿ ಚಿತ್ರ ಬದಲಾಯಿತು. ಸುಮಾರು ಇಪ್ಪತ್ತು ಸಾವಿರ ಜನ ಸೇರುವ ಕಲೋನ್‌ನ ಲ್ಯಾಂಕ್ಸೆಸ್ ಅರೀನಾದಲ್ಲಿ ಶನಿವಾರ ಎರಡು ಸೆಮಿಫೈನಲ್, ಭಾನುವಾರ ಫೈನಲ್. ಮರುಪಂದ್ಯವಿಲ್ಲ, ತವರೂ ಇಲ್ಲ. ಊರು ಜರ್ಮನಿಯದಾದ್ದರಿಂದ ಜರ್ಮನ್ ಕ್ಲಬ್‌ಗಳಿಗೆ ಅನುಕೂಲ ಎಂಬ ಆಕ್ಷೇಪ ಸಹಜ. 2010ರಿಂದ 2025ರವರೆಗಿನ ಹದಿನಾರು ಕಪ್‌ಗಳಲ್ಲಿ ಏಳು ಜರ್ಮನಿಗೆ ಹೋಗಿವೆ: ಕೀಲ್ ಮೂರು, ಮ್ಯಾಗ್ಡೆಬರ್ಗ್ ಎರಡು, ಹ್ಯಾಂಬರ್ಗ್ ಮತ್ತು ಫ್ಲೆನ್ಸ್‌ಬರ್ಗ್ ಒಂದೊಂದು. ಆದರೆ ಬಾರ್ಸಿಲೋನಾ ಒಂದೇ ಐದು ಗೆದ್ದಿದೆ, ಸ್ಕೋಪ್ಯೆಯ ವಾರ್ದಾರ್ ಎರಡು ಸಲ ಗೆದ್ದಿದೆ, ಪೋಲೆಂಡಿನ ಕ್ಯೆಲ್ತ್ಸೆ ಮತ್ತು ಮಾಂಪೆಲಿಯೆ ಒಂದೊಂದು. ಕೊರೊನಾ ಕಾಲದಲ್ಲಿ 2020ರ ಡಿಸೆಂಬರ್‌ಗೆ ಮುಂದೂಡಿ ಪ್ರೇಕ್ಷಕರಿಲ್ಲದೆ ಆಡಿಸಿದ ಫೈನಲ್ಲನ್ನೂ ಕೀಲ್ ಬಾರ್ಸಿಲೋನಾ ಎದುರು 33–28ರಿಂದ ಗೆದ್ದಿತು. ಒಂದು ಪಂದ್ಯದಿಂದ ಏನನ್ನೂ ಸಾಧಿಸಲಾಗದು, ನಿಜ. ಆದರೂ ಕಲೋನ್‌ನ ಗ್ಯಾಲರಿ ಹಳೆಯ ತವರು ಅಂಗಣದಂತೆ ಫಲಿತಾಂಶವನ್ನು ಹಿಡಿದಿಟ್ಟಿಲ್ಲ ಎಂದು ಒಪ್ಪಬಹುದು. ಇದು ಹೊಸ ಪದ್ಧತಿಯ ದೊಡ್ಡ ಲಾಭ.

ಹಳೆಯ ಪದ್ಧತಿಯಲ್ಲಿ ಎರಡು ವಾರಗಳಿಗೆ ಹರಡಿಕೊಂಡಿದ್ದ ಏರಿಳಿತ ಈಗ ಒಂದೇ ಗಂಟೆಯೊಳಗೆ ನಡೆಯಬೇಕು. 2016ರ ಫೈನಲ್ ಅದಕ್ಕೆ ಸಾಕ್ಷಿ. ಹಂಗೇರಿಯ ವೆಸ್ಪ್ರೇಮ್ ತಂಡ ಕ್ಯೆಲ್ತ್ಸೆ ವಿರುದ್ಧ 28–19ರಿಂದ ಮುಂದಿತ್ತು, ಉಳಿದದ್ದು ಕಾಲು ಗಂಟೆಗೂ ಕಡಿಮೆ. ಎರಡು ಪಂದ್ಯಗಳ ನಾಕೌಟ್ ಆಗಿದ್ದರೆ ಒಂಬತ್ತು ಗೋಲಿನ ಮುನ್ನಡೆ ಇರುವವರು ಅದನ್ನು ಇನ್ನೂ ಬೆಳೆಸಲು ನೋಡುತ್ತಿದ್ದರು, ಮರುವಾರಕ್ಕೆ ಬೇಕಲ್ಲ! ಇಲ್ಲಿ ಬೇಕಾದದ್ದು ಗಡಿಯಾರ ಓಡುವುದಷ್ಟೇ. ಮುಂದೆ ನಿಗದಿತ ಸಮಯ ಮುಗಿಯುವಷ್ಟರಲ್ಲಿ ಕ್ಯೆಲ್ತ್ಸೆ ಹತ್ತು ಗೋಲು ಹೊಡೆಯಿತು, ವೆಸ್ಪ್ರೇಮ್ ಒಂದು. 29–29. ಹೆಚ್ಚುವರಿ ಹತ್ತು ನಿಮಿಷದ ನಂತರ 35–35. ಕೊನೆಗೆ ಏಳು ಮೀಟರ್ ಎಸೆತಗಳಲ್ಲಿ 39–38ರಿಂದ ಕಪ್ ಪೋಲೆಂಡಿಗೆ ಹೋಯಿತು. ಕ್ಯೆಲ್ತ್ಸೆಯ ಕೋಚ್ ಅದೇ ದುಯ್ಶೆಬಾಯೆವ್. ಒಂದು ವಾರದ ಅಂತರದಲ್ಲಿ ಐದು ಗೋಲು ತೀರಿಸಿದ್ದ ಮನುಷ್ಯ ಈ ಸಲ ಹದಿನೈದು ನಿಮಿಷ ತುಂಬುವ ಮೊದಲೇ ಒಂಬತ್ತು ತೀರಿಸಿದ. ವೆಸ್ಪ್ರೇಮ್ 2002, 2015, 2016, 2019 ಹೀಗೆ ನಾಲ್ಕು ಫೈನಲ್ ಸೋತಿದೆ, ಒಂದೂ ಗೆದ್ದಿಲ್ಲ. ಮೊದಲಿನ ಸೋಲು ಎರಡು ಪಂದ್ಯಗಳ ಕಾಲದ್ದು, ಉಳಿದ ಮೂರೂ ಕಲೋನ್‌ನವು.

ಏಳು ಮೀಟರ್ ಎಸೆತದ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. 2014ರಲ್ಲಿ ಫ್ಲೆನ್ಸ್‌ಬರ್ಗ್ ಬಾರ್ಸಿಲೋನಾವನ್ನು ಸೆಮಿಫೈನಲ್‌ನಲ್ಲಿ 41–39ರಿಂದ ಹೊರದಬ್ಬಿದ್ದು ಈ ಎಸೆತಗಳಿಂದ. 2022ರ ಫೈನಲ್‌ನಲ್ಲಿ 32–32ರ ಬಳಿಕ ಬಾರ್ಸಿಲೋನಾದ ಗೋಲ್‌ಕೀಪರ್ ಗೊನ್ಜಾಲೊ ಪೆರೆಜ್ ದೆ ವಾರ್ಗಾಸ್ ಒಂದು ಎಸೆತ ತಡೆದು ಕ್ಯೆಲ್ತ್ಸೆಯ ಕೈಯಿಂದ ಕಪ್ ಕಸಿದುಕೊಂಡರು, 37–35. ರೋಮಾಂಚನಕ್ಕೆ ಕೊರತೆಯಿಲ್ಲ. ಆದರೆ ಹ್ಯಾಂಡ್‌ಬಾಲ್‌ನ ಜೀವ ಇರುವುದು ಆರು ಜನರ ರಕ್ಷಣಾ ಗೋಡೆಯನ್ನು ಇನ್ನಾರು ಜನ ಚೆಂಡು ಆಡಿಸುತ್ತಾ ಅಲುಗಾಡಿಸುವುದರಲ್ಲಿ. ಗೋಡೆಯನ್ನೇ ತೆಗೆದು ಒಬ್ಬ ಎಸೆಯುವವನನ್ನೂ ಒಬ್ಬ ತಡೆಯುವವನನ್ನೂ ಎದುರುಬದುರು ನಿಲ್ಲಿಸಿದಾಗ ಆ ಆಟದ ಬಹುಪಾಲು ಹೊರಗುಳಿಯುತ್ತದೆ.

ಈಗ ಕ್ವಾರ್ಟರ್‌ಫೈನಲ್‌ಗೆ ಬರೋಣ. 2020–21ರಿಂದ ಬಂದ ಮಾದರಿಯಲ್ಲಿ ಹದಿನಾರು ತಂಡಗಳು ಎಂಟೆಂಟರ ಎರಡು ಗುಂಪುಗಳಲ್ಲಿ ಆಡುತ್ತವೆ. ಗುಂಪಿನ ಮೊದಲ ಎರಡು ತಂಡಗಳಿಗೆ ನೇರ ಕ್ವಾರ್ಟರ್‌ಫೈನಲ್, ಮೂರರಿಂದ ಆರನೇ ಸ್ಥಾನದವರಿಗೆ ಪ್ಲೇಆಫ್. ಎರಡೂ ಸುತ್ತುಗಳಲ್ಲಿ ಎರಡೆರಡು ಪಂದ್ಯ. ಗುಂಪಿನಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಎರಡನೇ ಪಂದ್ಯ ತವರಿನಲ್ಲಿ. ಹಳೆಯ ಲೆಕ್ಕಾಚಾರ ಪೂರ್ತಿಯಾಗಿ ಉಳಿದಿರುವುದು ಇಲ್ಲಿ.

2024ರ ವಸಂತದಲ್ಲಿ ಮಾಂಪೆಲಿಯೆ ತನ್ನೂರಿನಲ್ಲಿ ಕೀಲ್‌ ತಂಡವನ್ನು 39–30ರಿಂದ ಸೋಲಿಸಿತು. ಮಾಂಪೆಲಿಯೆಯ ಕೋಚ್ ಆಗಲೂ ಕನಾಯೆ, ಇಪ್ಪತ್ತೊಂದು ವರ್ಷ ಹಿಂದೆ ಎಂಟು ಗೋಲು ತೀರಿಸಿದ್ದ ಅದೇ ಕನಾಯೆ. ಒಂಬತ್ತು ಗೋಲಿನ ಮುನ್ನಡೆ ಸಾಕೇ ಎಂಬ ಪ್ರಶ್ನೆಗೆ ಅವರಿಗಿಂತ ಚೆನ್ನಾಗಿ ಉತ್ತರ ಬಲ್ಲವರು ಆ ಅಂಗಣದಲ್ಲಿ ಇರಲಿಕ್ಕಿಲ್ಲ. ಎದುರಿಗೆ ಕೀಲ್‌ನ ಕೋಚ್ ಫಿಲಿಪ್ ಯಿಖಾ, ಆಟಗಾರನಾಗಿ ಕೀಲ್‌ ಪರ 2010 ಮತ್ತು 2012ರ ಕಪ್ ಗೆದ್ದವರು. ಮುಂದಿನ ವಾರ ಕೀಲ್‌ನಲ್ಲಿ ಫಲಿತಾಂಶ 31–21. ಒಟ್ಟು 61–60. 39 ಗೋಲು ಹೊಡೆದಿದ್ದ ತಂಡ 21ಕ್ಕೆ ಇಳಿದದ್ದು 2003ರ ಫೈನಲ್ಲನ್ನೇ ತಿರುವುಮುರುವಾಗಿ ಆಡಿದಂತಿತ್ತು. ಆ ವರ್ಷದ ಸೆಮಿಫೈನಲ್‌ನಲ್ಲಿ ಕೀಲ್ ಬಾರ್ಸಿಲೋನಾ ಎದುರು 18–30ರಿಂದ ಸೋತಿತು. ಹನ್ನೆರಡು ಗೋಲು. ಕೀಲ್‌ನಲ್ಲಿ ಇನ್ನೊಂದು ಪಂದ್ಯ ಇದ್ದಿದ್ದರೆ ತೀರಿಸುತ್ತಿದ್ದರೆಂದು ಯಾರೂ ಹೇಳಲಾರರು, ಆದರೆ ಅವರಿಗೆ ಪ್ರಯತ್ನಿಸುವ ಅವಕಾಶವೇ ಇರಲಿಲ್ಲ.

ಅದೇ ವಾರಗಳಲ್ಲಿ ನಡೆದ ಇನ್ನೊಂದು ಕ್ವಾರ್ಟರ್‌ಫೈನಲ್‌ನಿಂದ ನಿಯಮ ರೂಪಿಸುವವರು ಕಲಿಯಬೇಕಾದದ್ದಿದೆ. ಕ್ಯೆಲ್ತ್ಸೆ ತನ್ನೂರಿನಲ್ಲಿ ಮ್ಯಾಗ್ಡೆಬರ್ಗ್ ಎದುರು 27–26ರಿಂದ ಗೆದ್ದಿತು, ಮ್ಯಾಗ್ಡೆಬರ್ಗ್ ತನ್ನೂರಿನಲ್ಲಿ 23–22ರಿಂದ. ನೂರಿಪ್ಪತ್ತು ನಿಮಿಷದ ನಂತರ 49–49. ಹಳೆಯ ನಿಯಮವಿದ್ದಿದ್ದರೆ ಹೊರಗೆ 26 ಗೋಲು ಹೊಡೆದ ಮ್ಯಾಗ್ಡೆಬರ್ಗ್ ಅಲ್ಲೇ ಮುಂದಿನ ಸುತ್ತಿಗೆ ಹೋಗುತ್ತಿತ್ತು. ಆ ನಿಯಮ ಹೋಗಿದೆ, ಹೆಚ್ಚುವರಿ ಸಮಯವೂ ಇಲ್ಲ, ನೇರವಾಗಿ ಏಳು ಮೀಟರ್ ಎಸೆತ. ಮ್ಯಾಗ್ಡೆಬರ್ಗ್ ಅದರಲ್ಲೂ ಗೆದ್ದಿತು. ಹೊರಗಿನ ಗೋಲಿನ ನಿಯಮ ತೆಗೆದದ್ದಕ್ಕೆ ನನ್ನ ತಕರಾರಿಲ್ಲ, ಎರಡು ಗೋಲುಗಳಿಗೆ ಎರಡು ಬೆಲೆ ಕಟ್ಟುವುದು ಎಂದೂ ಪೂರ್ತಿ ನ್ಯಾಯವಾಗಿರಲಿಲ್ಲ. ಅದರ ಜಾಗದಲ್ಲಿ ಕಲೋನ್‌ನಲ್ಲಿರುವಂತೆ ಐದೈದು ನಿಮಿಷದ ಎರಡು ಅವಧಿಗಳ ಹೆಚ್ಚುವರಿ ಆಟ ಬರಬೇಕಿತ್ತು. ಅದರಿಂದ ಎರಡನೇ ಪಂದ್ಯದ ಆತಿಥೇಯರಿಗೆ ತವರಿನಲ್ಲಿ ಹತ್ತು ನಿಮಿಷ ಹೆಚ್ಚು ಸಿಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಸಿಗಲಿ. ಆ ಹತ್ತು ನಿಮಿಷದ ಹಕ್ಕನ್ನು ಅವರು ಗುಂಪು ಹಂತದ ಹದಿನಾಲ್ಕು ಪಂದ್ಯಗಳಲ್ಲಿ ಆಡಿ ಸಂಪಾದಿಸಿರುತ್ತಾರೆ, ಮತ್ತು ಏಳು ಮೀಟರ್ ಎಸೆತಗಳೂ ಹೇಗಿದ್ದರೂ ನಡೆಯುವುದು ಅದೇ ಅಂಗಣದಲ್ಲಿ, ಅದೇ ಗ್ಯಾಲರಿಯ ಗದ್ದಲದ ನಡುವೆ.